ಇಪ್ಪತ್ತೊಂದು ವರ್ಷ ಕಾಯಿಸಿ ಬಂದ 'ಐ/ಓ': ಪೀಟರ್ ಗೇಬ್ರಿಯಲ್ ಕೇಳುವವರೇ, ನಿಮಗೆ ಏನನ್ನಿಸಿತು?

ಕಿಂಗ್ಸ್ ಸರ್ಕಲ್, ಮಾಟುಂಗಾ · 2 ಡಿಸೆಂಬರ್ 2023

ನಿನ್ನೆ ರಾತ್ರಿ ಊಟ ಮುಗಿಸಿ, ಫೋನ್ ಒಳಗಿಟ್ಟು, ಇಂಗ್ಲಿಷ್ ರಾಕ್ ಹಾಡುಗಾರ ಗೇಬ್ರಿಯಲ್‌ನ ಹೊಸ ಆಲ್ಬಂ 'ಐ/ಓ' ಪೂರ್ತಿ 68 ನಿಮಿಷ ಕೂತು ಕೇಳಿದೆ. ಹನ್ನೆರಡು ಹಾಡು. ಮುಗಿದ ಮೇಲೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಬೇಜಾರೂ ಆಗಲಿಲ್ಲ. ಮದುವೆ ಮನೆಯಲ್ಲಿ ಊಟವೇನೋ ಚೆನ್ನಾಗಿದೆ, ಆದರೆ ನಾವು ಮನೆಯಲ್ಲೇ ತಿಂಡಿ ತಿಂದು ಹೋಗಿದ್ದೇವೆ. ಹಾಗಾಯಿತು.

ತಿಂಡಿ ತಿನ್ನಿಸಿದವನೂ ಅವನೇ. ಜನವರಿಯಿಂದ ಹುಣ್ಣಿಮೆಗೊಂದು ಹಾಡು ಬಿಡುತ್ತಾ ಬಂದ. ನವೆಂಬರ್ 27ಕ್ಕೆ ಹನ್ನೆರಡನೆಯದೂ ಬಂತು. ಡಿಸೆಂಬರ್ 1ಕ್ಕೆ ಆಲ್ಬಂ ಅಂತ ಬಂದಾಗ ಒಳಗೆ ಹೊಸದು ಒಂದೂ ಇಲ್ಲ.

2002ರ ಸೆಪ್ಟೆಂಬರಿನಲ್ಲಿ ಅವನ ಹಿಂದಿನ ಆಲ್ಬಂ 'ಅಪ್' ಬಂದಾಗ ನಾನು ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಸಿಡಿ ಕೊಂಡಿದ್ದೆ. ಮಗಳು ಆಗ ಒಂದನೇ ಕ್ಲಾಸ್. ಈಗ ಅವಳಿಗೇ ಮಗು ಇದೆ. ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಮಧ್ಯೆ 2010ರಲ್ಲಿ ಬೇರೆಯವರ ಹಾಡು ಹಾಡಿದ, 2011ರಲ್ಲಿ ತನ್ನ ಹಳೇ ಹಾಡುಗಳನ್ನೇ ಆರ್ಕೆಸ್ಟ್ರಾ ಜೊತೆ ಹಾಡಿದ. ಹೊಸ ಹಾಡುಗಳ ಆಲ್ಬಂ ಅಂದರೆ 'ಅಪ್' ಬಿಟ್ಟರೆ ಇದೇ. ಇಷ್ಟು ಕಾದವರು ಇಲ್ಲಿ ಇನ್ನೂ ನಾಲ್ಕು ಜನ ಇರಬಹುದು ಅಂತ ಕೇಳುತ್ತಿದ್ದೇನೆ. ಸುಳ್ಳು ಹೇಳಬೇಡಿ, ನಿಜವಾಗಿ ಹೇಗಿದೆ?

ಸ್ಟೋನ್ಸ್ 2003, ಠಾಣೆ

ಸರ್, ನೀವು ಮೆತ್ತಗೆ ಹೇಳಿದ್ರಿ. ನಾನು ನೇರ ಹೇಳ್ತೀನಿ. ಬೋರ್.

ಒಂದೇ ನಡಿಗೆಯ ಹಾಡುಗಳು. ಅರ್ಧಕ್ಕೆ ಅರ್ಧ ಪಿಯಾನೋ ಇಟ್ಟುಕೊಂಡು ನಿಟ್ಟುಸಿರು. 'ರೋಡ್ ಟು ಜಾಯ್' ಒಂದು ಎದ್ದು ಕುಣಿಯುತ್ತೆ, ಅದೂ ಅವನದೇ 1986ರ ಹಾಡು 'ಸ್ಲೆಡ್ಜ್‌ಹ್ಯಾಮರ್' ತೊಟ್ಟು ಬಿಟ್ಟ ಪ್ಯಾಂಟ್ ಹಾಕ್ಕೊಂಡು. ರೋಲಿಂಗ್ ಸ್ಟೋನ್ಸ್ ನೋಡಿ. ಅಕ್ಟೋಬರ್‌ನಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಬಂತು. ಅವರೂ 18 ವರ್ಷ ಸ್ವಂತ ಹಾಡುಗಳ ಆಲ್ಬಂ ಮಾಡಿರಲಿಲ್ಲ. ಅವರ ಹಾಡುಗಾರ ಜ್ಯಾಗರ್‌ಗೆ 80. ಆದರೂ ಕೇಳಿದ್ರೆ ಮೈ ಬಿಸಿ ಆಗುತ್ತೆ. 2003ರ ಏಪ್ರಿಲ್‌ನಲ್ಲಿ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಕಂಡ ಮನುಷ್ಯ ಅವನೇ ಅಂತ ಗೊತ್ತಾಗುತ್ತೆ.

ಇನ್ನು ಈ ಎರಡೆರಡು ಮಿಕ್ಸ್, ಅಂದ್ರೆ ಒಂದೇ ರೆಕಾರ್ಡಿಂಗ್‌ನ ದನಿಗಳನ್ನ ಎರಡು ಥರ ಹೊಂದಿಸಿದ್ದು. ಬ್ರೈಟ್-ಸೈಡ್ ಅಂತೆ, ಡಾರ್ಕ್-ಸೈಡ್ ಅಂತೆ. ಸಾಂಬಾರ್ ಎರಡು ಪಾತ್ರೆಗೆ ಹಾಕಿ, ಯಾವುದಕ್ಕೆ ಉಪ್ಪು ಸರಿ ಇದೆ ನೀವೇ ನೋಡ್ಕೊಳ್ಳಿ ಅಂದ ಹಾಗೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ತೀರ್ಮಾನ ಮಾಡೋಕೆ ಆಗಲಿಲ್ವಾ? ಮತ್ತೆ ಎರಡಕ್ಕೂ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ಬೆಟ್.

ಮುಲುಂಡ್ ಪಂಚಾಂಗ

ಬೋರ್ ಅನ್ನೋದು ನಿಮ್ಮ ಅಭಿಪ್ರಾಯ. ಹುಣ್ಣಿಮೆ ವಿಷಯಕ್ಕೆ ಮಾತ್ರ ನಾನು ಬರ್ತೀನಿ, ಯಾಕಂದ್ರೆ ಈ ಮನುಷ್ಯ ಒಂದು ವರ್ಷ ನಮ್ಮ ಕ್ಯಾಲೆಂಡರ್ ಪ್ರಕಾರ ನಡೆದ, ಅದು ಅವನಿಗೇ ಗೊತ್ತಿರಲಿಕ್ಕಿಲ್ಲ.

ಜನವರಿ 6, 'ಪ್ಯಾನಾಪ್ಟಿಕಾಮ್', ನಮಗೆ ಬನದ ಹುಣ್ಣಿಮೆ. ಫೆಬ್ರವರಿ 5, 'ದ ಕೋರ್ಟ್', ಭಾರತ ಹುಣ್ಣಿಮೆ. ಮೂರನೆಯದು 'ಪ್ಲೇಯಿಂಗ್ ಫಾರ್ ಟೈಮ್', ಹೋಳಿ. ಕೆಳಗೆ ಹುಡುಗರು ತಮಟೆ ಬಡಿಯುತ್ತಿದ್ದಾರೆ, ಮೇಲೆ ನಾನು ಮುಪ್ಪಿನ ಬಗ್ಗೆ, ನೆನಪಿನ ಬಗ್ಗೆ ಹಾಡು ಕೇಳುತ್ತಾ ಕೂತಿದ್ದೇನೆ. ಏಪ್ರಿಲ್‌ನ ದವನದ ಹುಣ್ಣಿಮೆಗೆ ಟೈಟಲ್ ಹಾಡು. ಮೇ 5ಕ್ಕೆ ಬಂದದ್ದು 'ಫೋರ್ ಕೈಂಡ್ಸ್ ಆಫ್ ಹಾರ್ಸಸ್'. ಅದರ ಹೆಸರು ಬೌದ್ಧರ ನಾಲ್ಕು ಬಗೆಯ ಕುದುರೆಗಳ ದೃಷ್ಟಾಂತದಿಂದ ಬಂದದ್ದು. ಆ ದಿನ ಯಾವ ಹುಣ್ಣಿಮೆ? ಬುದ್ಧ ಪೂರ್ಣಿಮೆ! ಇನ್ನು ಠಾಣೆಯವರು ಪ್ಯಾಂಟ್ ಅಂದ ಆ ಕುಣಿಯುವ ಹಾಡು ಬಂದದ್ದು ಕಾರ ಹುಣ್ಣಿಮೆಗೆ. ನಮ್ಮೂರಲ್ಲಿ ಎತ್ತು ಓಡಿಸುವ ದಿನ. ಅವತ್ತು ಅದೇ ಹಾಡು ಬರಬೇಕು.

ಈ ವರ್ಷ ಅಧಿಕ ಶ್ರಾವಣ ಇತ್ತಲ್ವಾ, ಆಗಸ್ಟ್‌ನಲ್ಲಿ ಎರಡು ಹುಣ್ಣಿಮೆ ಬಂತು. ಹಾಗಾಗಿ ಗೌರಿ ಹುಣ್ಣಿಮೆಗೇ ಹನ್ನೆರಡು ಮುಗಿದು ಹೋಯಿತು. ಹೊಸ್ತಿಲ ಹುಣ್ಣಿಮೆ ಒಂದು ಖಾಲಿ ಉಳಿಯಿತು. ಇನ್ನೊಂದು ಮಿಕ್ಸ್ ಬರುತ್ತಿದ್ದದ್ದು ಅಮಾವಾಸ್ಯೆಗೆ, ಅದನ್ನೂ ನೆನಪಿಡಿ. ಶುಕ್ಲ ಪಕ್ಷಕ್ಕೊಂದು, ಕೃಷ್ಣ ಪಕ್ಷಕ್ಕೊಂದು. ನನಗೆ ಇದು ಲೆಕ್ಕಕ್ಕೆ ಸಿಕ್ಕಿತು. ಹಾಡು ಹೇಗಿದೆ ಅಂತ ಆಮೇಲೆ ಹೇಳ್ತೀನಿ, ಈಗ ಆಫೀಸು.

ಮಡಗಾಂವ್ ಮಳೆ

ನಮಸ್ಕಾರ, ನಾನು ಇಲ್ಲಿ ಸಣ್ಣವಳು ಅನ್ನಿಸುತ್ತೆ. ವಯಸ್ಸು 26. ಊರು ಅಂಕೋಲಾ, ಕೆಲಸ ಗೋವಾದಲ್ಲಿ. 'ಅಪ್' ಬಂದಾಗ ನಾನು ಐದು ವರ್ಷದವಳು, ಹಾಗಾಗಿ ನೀವು ಯಾರೂ ಕಾದ ಹಾಗೆ ನಾನು ಕಾದಿಲ್ಲ.

ನನಗೆ ಗೇಬ್ರಿಯಲ್ ಅಂದರೆ ಈ ಹನ್ನೆರಡು ಹಾಡೇ. ತಿಂಗಳಿಗೊಂದು ಸಿಕ್ಕಿದ್ದರಿಂದಲೇ ಹಿಡಿಸಿತು. ಒಂದೇ ಸಲ 68 ನಿಮಿಷ ಕೊಟ್ಟಿದ್ದರೆ ಮೂರನೇ ಹಾಡಿಗೆ ಬಿಟ್ಟು ಬೇರೆ ಹಾಕ್ತಿದ್ದೆ, ನಿಜ ಹೇಳ್ತೀನಿ. ಒಂದೇ ಹಾಡು ಇರುವಾಗ ಏನು ಮಾಡೋದು? ಬಸ್ಸಿನಲ್ಲಿ ಅದನ್ನೇ ಕೇಳಿದೆ. ಜುಲೈ ಪೂರ್ತಿ 'ಸೋ ಮಚ್'. ಹೊರಗೆ ಮಳೆ, ಒಳಗೆ ಬಟ್ಟೆ ಒಣಗದ ವಾಸನೆ, ಕಿವಿಯಲ್ಲಿ ಆ ಹಾಡು. ಈಗಲೂ ಅದು ಬಂದರೆ ಹಸಿ ಟವೆಲ್ ನೆನಪಾಗುತ್ತೆ.

ಆಮೇಲೆ ಹಿಂದಕ್ಕೆ ಹೋಗಿ ಅವರ 1986ರ ಆಲ್ಬಂ 'ಸೋ' ಕೇಳಿದೆ. ಬೈಬೇಡಿ, ನನಗೆ ಅದು ಸ್ವಲ್ಪ ಹಳೇ ಜಾಹೀರಾತಿನ ಮ್ಯೂಸಿಕ್ ಥರ ಕೇಳಿಸಿತು. ಡ್ರಮ್ ಸೌಂಡು ಅಷ್ಟು ದೊಡ್ಡದು ಯಾಕೆ?

ಸ್ಟೋನ್ಸ್ 2003

'ಸೋ' ಜಾಹೀರಾತಿನ ಮ್ಯೂಸಿಕ್!! ಮಾಟುಂಗಾ ಸರ್, ನೀರು ಕುಡೀರಿ.

ಕಿಂಗ್ಸ್ ಸರ್ಕಲ್

ಕುಡಿದೆ. ತಂಗಿ, ಆ ಕಾಲದಲ್ಲಿ ಎಲ್ಲರ ಡ್ರಮ್ಮೂ ಹಾಗೇ ಇತ್ತು. ಆ ದೊಡ್ಡ ಸೌಂಡು ಬಂದದ್ದೇ ಇವನ 1980ರ ಮೂರನೇ ಆಲ್ಬಂನಿಂದ. ಆಮೇಲೆ ಊರವರೆಲ್ಲ ಎತ್ತಿಕೊಂಡರು. ನೀನು ಮೂಲವನ್ನು ಕೇಳಿ ಕಾಪಿ ಅನ್ನುತ್ತಿದ್ದೀಯ. ಆದರೆ ಹಸಿ ಟವೆಲ್ ಮಾತು ನನಗೆ ಹಿಡಿಸಿತು. ನನಗೆ ಆ ಭಾಗ್ಯ ಸಿಗಲಿಲ್ಲ. ನಾನು ಪ್ರತಿ ಹಾಡು ಬಂದಾಗಲೂ ಇದು ಆಲ್ಬಂನಲ್ಲಿ ಎಲ್ಲಿ ಕೂರುತ್ತೆ ಅಂತ ಲೆಕ್ಕ ಹಾಕುತ್ತಾ ಕೂತೆ.

ಫೋರ್ಟ್ ಗಲ್ಲಾ

ನಾನು ಹೋಟೆಲಿನವ ಮಾರಾಯ್ರೇ, ಸಂಗೀತ ವಿಮರ್ಶೆ ಎಲ್ಲ ಬರುವುದಿಲ್ಲ. ಆದರೆ 'ಸೋ' ಬಗ್ಗೆ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

1987. ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ. ರಾತ್ರಿ ಕನ್ನಡ ನೈಟ್ ಸ್ಕೂಲು. ಒಂದು ದಿನ ಕಾಲೇಜು ಹುಡುಗನೊಬ್ಬ ವಾಕ್‌ಮನ್ ಮರೆತು ಹೋದ. ಯಜಮಾನರು ಗಲ್ಲಾದ ಡ್ರಾಯರಿನಲ್ಲಿ ಇಟ್ಟರು, ಕೇಳಿಕೊಂಡು ಬಂದರೆ ಕೊಡುವ ಅಂತ. ಮೂರು ದಿನ ಬರಲಿಲ್ಲ. ಆ ಮೂರು ರಾತ್ರಿ ಶಟರ್ ಎಳೆದ ಮೇಲೆ ನಾನು ಅದನ್ನು ತೆಗೆದು ಕೇಳಿದೆ. ಒಂದು ಮಗ್ಗುಲು ಮಾತ್ರ, ಬ್ಯಾಟರಿ ಮುಗಿದರೆ ಗೊತ್ತಾಗ್ತದಲ್ಲ. ಮೂರನೇ ಹಾಡು, ಒಬ್ಬ ಗಂಡಸು, ಒಬ್ಬಳು ಹೆಂಗಸು. 'ಡೋಂಟ್ ಗಿವ್ ಅಪ್' ಅಂತ ಮಾತ್ರ ತಿಳಿಯಿತು, ಉಳಿದ ಇಂಗ್ಲಿಷು ನನಗೆ ಆಗ ಎಲ್ಲಿಂದ? ಆದರೆ ಕೆಲಸ ಹೋದವನ ಹಾಡು ಅಂತ ಯಾರೂ ಹೇಳದೆ ಅರ್ಥ ಆಯಿತು. ಆ ಹೆಂಗಸು ಹಾಡುವಾಗ ನಮ್ಮ ದೊಡ್ಡಮ್ಮ ತಲೆಗೆ ಎಣ್ಣೆ ಹಾಕಿದ ಹಾಗೆ ಆಗ್ತಿತ್ತು.

ನಾಲ್ಕನೇ ದಿನ ಆ ಹುಡುಗ ಬಂದ. ಯಜಮಾನರು ಕೊಟ್ಟರು. ಬ್ಯಾಟರಿ ಇಳಿದದ್ದು ನೋಡಿ ನನ್ನ ಮುಖ ನೋಡಿದ, ಬೈಯಲಿಲ್ಲ. ಮುಂದಿನ ವಾರ ಆ ಕ್ಯಾಸೆಟ್ಟಿನದ್ದೇ ಒಂದು ಕಾಪಿ ತಂದು ಬಿಲ್ಲಿನ ತಟ್ಟೆಯಲ್ಲಿ ಇಟ್ಟು ಹೋದ.

ಈಗ ಹೊಸತು. ನನಗೆ 'ಪ್ಲೇಯಿಂಗ್ ಫಾರ್ ಟೈಮ್' ಉಂಟಲ್ಲ, ಅದು ಸಾಕು. ಉಳಿದದ್ದು ಬೋರಾದರೆ ಆಗಲಿ.

ಡೊಂಬಿವಿಲಿ ಸ್ಲೋ

ಅಣ್ಣಾ, ಇದನ್ನ ಓದಿ ಕಲ್ಯಾಣ್‌ವರೆಗೂ ಹೋಗಿಬಿಟ್ಟೆ. ನನ್ನ ಸ್ಟೇಷನ್ ಹಿಂದೆ ಹೋಯಿತು.

ಕೊಥ್ರೂಡ್ ಕಾಕಾ

ಪುಣೆಯಿಂದ ಒಬ್ಬ ಮುದುಕ.

ನಾನು ಗೇಬ್ರಿಯಲ್‌ನನ್ನು ಕಣ್ಣಾರೆ ಕಂಡವನು. 1988ರ ಸೆಪ್ಟೆಂಬರ್ 30, ದೆಹಲಿಯ ನೆಹರೂ ಸ್ಟೇಡಿಯಂ. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯವರ ಕಾರ್ಯಕ್ರಮ. ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಟ್ರೇಸಿ ಚಾಪ್‌ಮನ್, ಯೂಸು ಎನ್‌ಡೂರ್, ಜೊತೆಗೆ ಇವನು. ನಾವು ಮೂವರು ಗೆಳೆಯರು ಮುಂಬೈ ಸೆಂಟ್ರಲ್‌ನಿಂದ ರಿಸರ್ವೇಶನ್ ಇಲ್ಲದೆ ಹೋದೆವು. ಒಬ್ಬ ಇಡೀ ರಾತ್ರಿ ಟ್ರಂಕಿನ ಮೇಲೆ, ಇನ್ನಿಬ್ಬರು ಬಾಗಿಲ ಹತ್ತಿರ. ದಕ್ಷಿಣ ಆಫ್ರಿಕಾದ ಹೋರಾಟಗಾರನ ಮೇಲಿನ 'ಬಿಕೊ' ಅವನು ಹಾಡುವಾಗ ಕೈ ಮೇಲೆತ್ತಿದ್ದೆ. ಮಾರನೇ ದಿನವೂ ಭುಜ ನೋಯುತ್ತಿತ್ತು.

ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವನಿಗೆ 73. ನಾನು ಇಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವದಲ್ಲಿ ವರ್ಷ ವರ್ಷ ಭೀಮಣ್ಣನವರನ್ನು, ಅಂದರೆ ಭೀಮಸೇನ ಜೋಶಿಯವರನ್ನು, ಕೇಳಿದವನು. ವಯಸ್ಸಾದಂತೆ ತಾನುಗಳು ಕಡಿಮೆಯಾದವು, ಉಸಿರು ಗಿಡ್ಡವಾಯಿತು. ಆದರೆ ಷಡ್ಜ ಹಚ್ಚಿದರೆ ಪೆಂಡಾಲು ಸುಮ್ಮನಾಗುತ್ತಿತ್ತು. ಅಲ್ಲಿ ವಯಸ್ಸು ಹಾಡಿನೊಳಗೇ ಇತ್ತು, ಮುಚ್ಚಿಡಲಿಲ್ಲ. ಇವನ ಗಂಟಲು ಆಶ್ಚರ್ಯವಾಗುವಷ್ಟು ಚೆನ್ನಾಗಿದೆ. ನನ್ನ ತಕರಾರು ಅದೇ. ಎಲ್ಲವೂ ಇಸ್ತ್ರಿ ಮಾಡಿಟ್ಟ ಹಾಗಿದೆ. ಇಪ್ಪತ್ತು ವರ್ಷ ತಿದ್ದಿದರೆ ಮತ್ತೇನಾಗುತ್ತದೆ? 'ಪ್ಲೇಯಿಂಗ್ ಫಾರ್ ಟೈಮ್' ಹಾಡನ್ನು ಅವನು 2012ರ ಟೂರಿನಲ್ಲೇ ಹಾಡುತ್ತಿದ್ದ. ಆಗ ಅದಕ್ಕೆ ಬೇರೆ ಹೆಸರು, ಸಾಹಿತ್ಯವೇ ಪೂರ್ತಿ ಆಗಿರಲಿಲ್ಲ. ಬಾಯಿಗೆ ಬಂದ ಶಬ್ದ ಹಾಕಿ ಪಿಯಾನೋ ಮುಂದೆ ಕೂತು ಹಾಡುವುದರ ರೆಕಾರ್ಡಿಂಗ್ ಕೇಳಿದ್ದೇನೆ. ಅದು ಇದಕ್ಕಿಂತ ಚೆನ್ನಾಗಿತ್ತು. ಶಬ್ದ ಹುಡುಕುವವನ ಕಷ್ಟ ಅದರಲ್ಲಿ ಕೇಳುತ್ತಿತ್ತು.

ಇನ್ನೊಂದು. ಸಾಹಿತ್ಯ. 'ಲವ್ ಕ್ಯಾನ್ ಹೀಲ್', 'ಲಿವ್ ಅಂಡ್ ಲೆಟ್ ಲಿವ್'. ಹೆಸರು ಕೇಳಿದರೇ ಆಟೋ ರಿಕ್ಷಾದ ಹಿಂದೆ ಬರೆಯುವ ಮಾತು. ಅವನ ಮನಸ್ಸು ಒಳ್ಳೆಯದು, ಒಪ್ಪಿದೆ. ಒಳ್ಳೆಯ ಮನಸ್ಸಿನ ಪ್ರವಚನವೂ ಪ್ರವಚನವೇ.

ಮಡಗಾಂವ್ ಮಳೆ

ಕಾಕಾ, 'ಅವನು' 'ಅವನು' ಅಂತೀರಲ್ಲ, 73 ವರ್ಷದವರಿಗೆ ಏಕವಚನವಾ?

ಕೊಥ್ರೂಡ್ ಕಾಕಾ

ಎದುರಿಗೆ ಸಿಕ್ಕರೆ ಬಹುವಚನ. ಮೂವತ್ತೈದು ವರ್ಷ ಕಿವಿಯೊಳಗೆ ಇದ್ದವನು ಮನೆಯವನೇ ಆಗಿಬಿಡುತ್ತಾನೆ.

ಚೆಂಬೂರ್ ಮೃದಂಗ

ಎರಡು ಮಿಕ್ಸ್‌ಗೂ ವ್ಯತ್ಯಾಸ ಇಲ್ಲ ಅಂದವರು ಯಾರು? ಠಾಣೆಯವರೇ, ಕಿವಿಗೆ ಏನು ಹಾಕ್ಕೊಂಡು ಕೇಳಿದ್ರಿ? ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತು ಕೇಳಿದರೆ ಮೃದಂಗಕ್ಕೂ ತಗಡಿನ ಡಬ್ಬಕ್ಕೂ ವ್ಯತ್ಯಾಸ ತಿಳಿಯಲ್ಲ.

ನಾನು ಮೃದಂಗ ನುಡಿಸುವವಳು, ರಾಕ್ ಕೇಳೋಕೆ ಬಂದದ್ದೇ ಇವರ 'ಸಾಲ್ಸ್‌ಬರಿ ಹಿಲ್' ಹಾಡಿನಿಂದ. ಅಣ್ಣ ಹಾಕಿದ್ದ, ನಾನು ಪಕ್ಕದ ಕೋಣೆಯಲ್ಲಿ ಸುಮ್ನೆ ತೊಡೆ ಮೇಲೆ ತಾಳ ಹಾಕಿದೆ, ಏಳು ಬಂತು. ತಕಿಟ ತಕಧಿಮಿ. ಮಿಶ್ರ ಛಾಪು! ಇಂಗ್ಲಿಷರ ಹಾಡಿನಲ್ಲಿ! ಏಳು ಅಂತ ಗೊತ್ತಾಗದ ಹಾಗೆ ಹಾಡುತ್ತಾ ಹೋಗ್ತಾರೆ, ಅದೇ ಮಜಾ.

ಈಗ ಮಿಕ್ಸ್ ವಿಷಯ. ಬ್ರೈಟ್-ಸೈಡ್ ಮಾಡಿದವರು ಸ್ಪೈಕ್ ಸ್ಟೆಂಟ್. ಡಾರ್ಕ್-ಸೈಡ್ ಮಾಡಿದವರು ಚಾಡ್ ಬ್ಲೇಕ್. ಹಾಡಿದ್ದು, ನುಡಿಸಿದ್ದು ಎಲ್ಲ ಒಂದೇ. ಆದರೆ ಅದನ್ನು ಜೋಡಿಸಿದ ಕೈ ಬೇರೆ. ನಮ್ಮಲ್ಲಿ ಕಛೇರಿಗೆ ಮೈಕ್ ಹಿಡಿಯುವವನು ಬದಲಾದರೆ ಅದೇ ವಿದ್ವಾಂಸರು ಬೇರೆ ಥರ ಕೇಳಲ್ವಾ, ಹಾಗೆ. ಸ್ಟೆಂಟ್ ಅವರದ್ದರಲ್ಲಿ ಕಂಠ ಎದುರಿಗೆ, ಎಲ್ಲವೂ ತೊಳೆದಿಟ್ಟಂತೆ. ಬ್ಲೇಕ್ ಅವರದ್ದರಲ್ಲಿ ಟೋನಿ ಲೆವಿನ್ ಬಾಸ್ ನೆಲದಿಂದ ಬರುತ್ತೆ, ಮನು ಕಾಚೆ ಡ್ರಮ್ಮಿನ ಚರ್ಮ ಕೇಳಿಸುತ್ತೆ. 'ಅಪ್' ಮಿಕ್ಸ್ ಮಾಡಿದ್ದೂ ಇದೇ ಬ್ಲೇಕ್. ಕಾಕಾ, ಇಸ್ತ್ರಿ ಜಾಸ್ತಿ ಆಯ್ತು ಅಂದ್ರಲ್ಲ, ನೀವು ಕೇಳಿದ್ದು ಬ್ರೈಟ್ ಇರಬೇಕು. ಡಾರ್ಕ್ ಹಾಕಿ ನೋಡಿ.

ನನಗೂ ಒಂದು ಬೇಜಾರಿದೆ. 1989ರ ಇವರ 'ಪ್ಯಾಷನ್' ಆಲ್ಬಂನಲ್ಲಿ ಎಲ್. ಶಂಕರ್ ಅವರ ಡಬಲ್ ವಯೊಲಿನ್, ನುಸ್ರತ್ ಫತೇ ಅಲಿ ಖಾನ್ ಅವರ ಕಂಠ. 'ಅಪ್'ನಲ್ಲೂ ನುಸ್ರತ್ ಇದ್ದಾರೆ, ಅವರು ತೀರಿಕೊಂಡು ಐದು ವರ್ಷದ ಮೇಲೆ. ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ಅವರ 'ಡ್ರೀಮ್' ಬಂದದ್ದು ಇವರದೇ ರಿಯಲ್ ವರ್ಲ್ಡ್ ಕಂಪನಿಯಿಂದ, 1995ರಲ್ಲಿ. ಇಷ್ಟೆಲ್ಲ ನಂಟು ಇದ್ದವರ ಹೊಸ ಆಲ್ಬಂನಲ್ಲಿ ದಕ್ಷಿಣ ಆಫ್ರಿಕಾದ ಸೊವೆಟೊ ಕಾಯರ್ (ಗುಂಪಿನಲ್ಲಿ ಹಾಡುವವರು) ಇದೆ, ಸ್ವೀಡನ್ನಿನ ಗಂಡಸರ ಕಾಯರ್ ಇದೆ, ನಮ್ಮ ಕಡೆಯ ದನಿ ನನ್ನ ಕಿವಿಗೆ ಬೀಳಲಿಲ್ಲ. ಹೊಟ್ಟೆಕಿಚ್ಚು ಅನ್ನಿ.

ಸ್ಟೋನ್ಸ್ 2003

ಮೇಡಂ, ಚರ್ಮ ಗಿರ್ಮ ಎಲ್ಲ ಓದಿಕೊಂಡು ಕೇಳಿದ್ರೆ ಎಲ್ಲರಿಗೂ ಕೇಳಿಸುತ್ತೆ. ಹೆಸರು ಹೇಳದೆ ಹಾಕಿ ನೋಡೋಣ. ನಿಮಗೂ ಗೊತ್ತಾಗಲ್ಲ.

ಚೆಂಬೂರ್ ಮೃದಂಗ

ಎಲ್ಲಿ, ಯಾವಾಗ?

ಕಿಂಗ್ಸ್ ಸರ್ಕಲ್

ನಮ್ಮನೆಯಲ್ಲಿ. ನನ್ನ ಹತ್ತಿರ ಎರಡೂ ಮಿಕ್ಸ್ ಇರುವ ಸಿಡಿ ಬಂದಿದೆ. ಮುಲುಂಡ್‌ನವರು ಖಾಲಿ ಉಳಿಯಿತು ಅಂದ ಹೊಸ್ತಿಲ ಹುಣ್ಣಿಮೆ ಡಿಸೆಂಬರ್ 26, ಮಂಗಳವಾರ. ಅವತ್ತು ಸಂಜೆ ಏಳಕ್ಕೆ. ಉಪ್ಪಿಟ್ಟು, ಕಾಫಿ ನಮ್ಮ ಕಡೆಯಿಂದ.

ಫೋರ್ಟ್ ಗಲ್ಲಾ

ಹೋಟೆಲಿನವನನ್ನು ಕರೆದು ಉಪ್ಪಿಟ್ಟಾ? ಗೋಳಿಬಜೆ ನಾನು ತರುತ್ತೇನೆ.

ಮುಲುಂಡ್ ಪಂಚಾಂಗ · 9 ಡಿಸೆಂಬರ್

ಸುದ್ದಿ ನೋಡಿದ್ರಾ? ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಒಂದನೇ ಸ್ಥಾನ. 'ಸೋ' ನಂತರ ಇದೇ ಮೊದಲು, 37 ವರ್ಷ.

ಸ್ಟೋನ್ಸ್ 2003

ಕಾದವರೆಲ್ಲ ಒಂದೇ ವಾರದಲ್ಲಿ ಕೊಂಡರು, ಅಷ್ಟೇ. ಒಂದು ತಿಂಗಳು ಬಿಟ್ಟು ಎಷ್ಟು ಜನ ಹಾಕಿ ಕೇಳ್ತಾರೆ ನೋಡಿ.

ಡೊಂಬಿವಿಲಿ ಸ್ಲೋ

ಇಷ್ಟು ದಿನ ಓದ್ತಾ ಇದ್ದೆ. ಬರೀಬೇಕೋ ಬೇಡವೋ ಅಂತ.

ನಮ್ಮೂರು ಗದಗ ಹತ್ತಿರ. ಅವ್ವ ಮೂವತ್ತು ವರ್ಷ ಡೊಂಬಿವಿಲಿಯಲ್ಲಿ ನಮ್ಮ ಜೊತೆ ಇದ್ದಳು. ಹೊಲ ಬಿಟ್ಟು ಬಂದರೂ ಸೀಗಿ ಹುಣ್ಣಿಮೆ ಬಿಡಲಿಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಮಾಡಿ, ಎಲ್ಲ ಸ್ವಲ್ಪ ಸ್ವಲ್ಪ ಕಲಸಿ ಬಾಲ್ಕನಿಗೆ ಹೋಗಿ ನಾಲ್ಕು ಕುಂಡಗಳಿಗೆ ಚರಗ ಚೆಲ್ಲುತ್ತಿದ್ದಳು. ತುಳಸಿ, ಕರಿಬೇವು, ಒಂದು ಮಲ್ಲಿಗೆ, ಇನ್ನೊಂದರಲ್ಲಿ ಏನೂ ಬೆಳೆಯುತ್ತಿರಲಿಲ್ಲ, ಆದರೂ ಅದಕ್ಕೂ. 'ಹುಲ್ಲುಲಿಗೋ' ಅಂತ ಮೆತ್ತಗೆ, ಕೆಳಗಿನ ಮನೆಯವರಿಗೆ ಕೇಳದ ಹಾಗೆ. ಊರಲ್ಲಾದರೆ ಹೊಲದ ತುಂಬ ಕೂಗುವ ಮಾತು ಅದು. ಇಲ್ಲಿ ಪಿಸುಮಾತು.

ಈ ವರ್ಷ ಮೇನಲ್ಲಿ ಹೋದಳು.

ಅಕ್ಟೋಬರ್ 28, ಸೀಗಿ ಹುಣ್ಣಿಮೆ. ಇಲ್ಲಿಯವರಿಗೆ ಕೋಜಾಗಿರಿ. ಅವತ್ತೇ ರಾತ್ರಿ ಚಂದ್ರಗ್ರಹಣ ಬೇರೆ. ಸೊಸೈಟಿ ಟೆರೇಸಿನಲ್ಲಿ ಮಸಾಲೆ ಹಾಲು ಕಾಯಿಸಿ, ತುಳಸಿ ಎಲೆ ಹಾಕಿ ಮುಚ್ಚಿಟ್ಟು, ಕುಡಿಯಬಹುದೋ ಬಾರದೋ ಅಂತ ಹಿರಿಯರ ಜಗಳ ನಡೆದಿತ್ತು. ನಾನು ಕೆಳಗೆ ಬಂದೆ. ಹೆಂಡತಿ ರೊಟ್ಟಿ ತರಿಸಿದ್ದಳು, ನಾನೇ ಕಲಸಿ ಚರಗ ಚೆಲ್ಲಿದೆ. ಕೂಗೋಕೆ ದನಿ ಬರಲಿಲ್ಲ. ಆಮೇಲೆ ಒಳಗೆ ಕೂತು ಅವತ್ತಿನ ಹಾಡು ಹಾಕಿದೆ. 'ಆಂಡ್ ಸ್ಟಿಲ್'. ಯಾವುದರ ಬಗ್ಗೆ ಅಂತ ಓದಿರಲಿಲ್ಲ. ಅವನು ತನ್ನ ತಾಯಿಯ ಬಗ್ಗೆ ಬರೆದದ್ದಂತೆ, ಅದು ಆಮೇಲೆ ಗೊತ್ತಾಯಿತು. ಹಾಡು ನಿಧಾನ, ಜಾಸ್ತಿ ಏನೂ ಆಗೋದಿಲ್ಲ ಅದರಲ್ಲಿ. ನಾನು ಅಡುಗೆಮನೆ ದೀಪ ಆರಿಸೋಕೆ ಎದ್ದವನು ಮುಗಿಯುವವರೆಗೆ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ.

ಕಾಕಾ, ನೀವು ಹೇಳಿದ ಇಸ್ತ್ರಿ ನನಗೂ ಕೇಳುತ್ತೆ. ಮೂರ್ನಾಲ್ಕು ಹಾಡು ನಾನೂ ದಾಟಿಸ್ತೀನಿ. ಒಂದೊಂದಾಗಿ ಬಂದದ್ದಕ್ಕೆ ಆ ಹಾಡು ಆ ದಿನ ನನಗೆ ಸಿಕ್ಕಿತು. ಆಲ್ಬಂನಲ್ಲಿ ಹನ್ನೊಂದನೆಯದಾಗಿ ಬಂದಿದ್ದರೆ ನಾನು ಅಷ್ಟರಲ್ಲಿ ಮಲಗಿರುತ್ತಿದ್ದೆ.

ಕೊಥ್ರೂಡ್ ಕಾಕಾ

ಓದಿದೆ. ಆ ಹಾಡು ಮತ್ತೆ ಕೇಳುತ್ತೇನೆ.

ಸ್ಟೋನ್ಸ್ 2003

ಸಾರಿ ಅಣ್ಣಾ. ಬೋರ್ ಅಂದದ್ದು ಆ ಹಾಡಿಗಲ್ಲ.

ಕಿಂಗ್ಸ್ ಸರ್ಕಲ್ · 27 ಡಿಸೆಂಬರ್

ನಿನ್ನೆಯ ವರದಿ. ಬಂದವರು ಆರು ಜನ. ಕಾಕಾ ಪುಣೆಯಿಂದ ಬರಲಾಗಲಿಲ್ಲ. ಮಡಗಾಂವ್ ಹುಡುಗಿ ಕ್ರಿಸ್‌ಮಸ್ ವಾರ ಟಿಕೆಟ್ ಸಿಗಲಿಲ್ಲ ಅಂದಳು.

ಆಟ ಹೀಗೆ. ಹತ್ತು ತುಣುಕು, ಒಂದೊಂದು ನಲವತ್ತು ಸೆಕೆಂಡು. ನನ್ನ ಅಳಿಯ ಪರದೆಯ ಹಿಂದೆ ಕೂತು ತನಗೆ ಬೇಕಾದ್ದು ಹಾಕುವುದು. ಕೇಳುವವರು ಚೀಟಿಯಲ್ಲಿ 'ಬೆ' ಅಥವಾ 'ಕ' ಬರೆಯುವುದು. ಬೆಳಕು, ಕತ್ತಲೆ. ವಾಲ್ಯೂಮ್ ಎರಡಕ್ಕೂ ಸಮ ಮಾಡಿಟ್ಟಿದ್ದೆ, ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಹಳೇ ಚಾಳಿ.

ನಾಲ್ಕನೇ ತುಣುಕಿಗೆ ಕೆಳಗೆ ಗಣಪತಿ ದೇವಸ್ಥಾನದ ಗಂಟೆ ಹೊಡೆಯಿತು, ಅದನ್ನು ಮತ್ತೆ ಹಾಕಬೇಕಾಯಿತು. ಏಳನೆಯದಕ್ಕೆ ಫೋರ್ಟಿನವರು "ಇದು ಯಾವ ಹಾಡು, ಪೂರ್ತಿ ಹಾಕಿ" ಅಂತ ಹಠ ಹಿಡಿದರು. ಪೂರ್ತಿ ಹಾಕಿದೆವು. ಪರೀಕ್ಷೆ ಹತ್ತು ನಿಮಿಷ ನಿಂತಿತು.

ಫಲಿತಾಂಶ: ನನಗೆ ಹತ್ತಕ್ಕೆ ಐದು. ಅಂದರೆ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಮುಲುಂಡ್ 6. ಡೊಂಬಿವಿಲಿ 6. ಫೋರ್ಟಿನವರು ಚೀಟಿಯಲ್ಲಿ ಬರೆಯುವುದನ್ನೇ ಮರೆತರು. ಚೆಂಬೂರಿನವರಿಗೆ 7.

ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ ಅಂತ ಬೆಟ್ ಕಟ್ಟಿದ ಠಾಣೆಯ ಮಹಾಶಯರಿಗೆ 9.

ಸ್ಟೋನ್ಸ್ 2003

ಫ್ಲೂಕ್.

ಚೆಂಬೂರ್ ಮೃದಂಗ

ಫ್ಲೂಕ್ ಅಲ್ಲ. ಅವರು ಕಣ್ಣು ಮುಚ್ಚಿ ಬಾಸ್ ಮಾತ್ರ ಕೇಳ್ತಿದ್ದರು, ನಾನು ನೋಡಿದೆ. ಕಾಲ್ಬೆರಳು ಆಡ್ತಿತ್ತು. ಬೋರಾದವರ ಕಾಲ್ಬೆರಳು ಹಾಗೆ ಆಡಲ್ಲ.

ಸ್ಟೋನ್ಸ್ 2003

ಸರಿ. ಡಾರ್ಕ್-ಸೈಡ್ ಪರವಾಗಿಲ್ಲ. ಟೋನಿ ಲೆವಿನ್ ಇದ್ದಾರೆ ಅಂತ ಅದರಲ್ಲೇ ಗೊತ್ತಾಗಿದ್ದು. ಬ್ರೈಟ್ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಮತ್ತೆ ಗೋಳಿಬಜೆ ನಾಲ್ಕೇ ಸಿಕ್ಕಿತು, ಅದು ಮೋಸ.

ಕೊಥ್ರೂಡ್ ಕಾಕಾ

ಚೆಂಬೂರಿನ ತಾಯಿ ಹೇಳಿದ ಮೇಲೆ ನಾನೂ ಡಾರ್ಕ್ ಹಾಕಿ ಕೇಳಿದೆ. ಒಂದು ಹಂತ ಮೇಲು. 'ಲವ್ ಕ್ಯಾನ್ ಹೀಲ್' ಮಾತ್ರ ಕತ್ತಲೆಯಲ್ಲೂ ರಿಕ್ಷಾದ ಹಿಂದೆಯೇ ಇದೆ.

ಮಡಗಾಂವ್ ಮಳೆ · 4 ಫೆಬ್ರವರಿ 2025

ಒಂದು ವರ್ಷದ ಮೇಲೆ ಮಾತೆತ್ತುತ್ತಿದ್ದೇನೆ, ಯಾರಾದರೂ ಇದ್ದೀರಾ? 'ಐ/ಓ'ಗೆ ಗ್ರ್ಯಾಮಿ ಬಂತು! ಅದೂ ನೀವು ಜಗಳ ಆಡಿದ ಎರಡು ಮಿಕ್ಸ್ ಬಿಟ್ಟು ಮೂರನೆಯದಕ್ಕೆ. ಇನ್-ಸೈಡ್ ಮಿಕ್ಸ್, ಡಾಲ್ಬಿ ಅಟ್ಮಾಸ್, ಹಾನ್ಸ್-ಮಾರ್ಟಿನ್ ಬಫ್ ಮಾಡಿದ್ದು. ಸುತ್ತಲೂ ಕೇಳುವ ಆಲ್ಬಂಗಳ ವಿಭಾಗದಲ್ಲಿ.

ಮತ್ತೆ ಈಗ ನನಗೆ 'ಸೋ' ಇಷ್ಟ. ಡ್ರಮ್ ಅಭ್ಯಾಸ ಆಯಿತು.

ಕಿಂಗ್ಸ್ ಸರ್ಕಲ್

ಇದ್ದೇವೆ ತಂಗಿ. ಮೂರನೆಯದನ್ನು ನಾವ್ಯಾರೂ ಸರಿಯಾಗಿ ಕೇಳಿಲ್ಲ. ಅದಕ್ಕೆ ತಲೆ ಮೇಲೂ ಸ್ಪೀಕರ್ ಬೇಕು. ನಮ್ಮ ಮನೆ ಮೇಲೆ ಇರುವುದು ಮೇಲಿನ ಮನೆಯವರ ಮಿಕ್ಸಿ.

ಫೋರ್ಟ್ ಗಲ್ಲಾ

ನನ್ನ ತಂಗಿ ಮಗ ವಾಶಿಯಲ್ಲಿ ಹೊಸ ಮನೆ ಮಾಡಿದ್ದಾನೆ. ಹಾಲ್‌ನಲ್ಲಿ ಮೇಲೆ ನಾಲ್ಕು ಸ್ಪೀಕರ್ ಕೂರಿಸಿದ್ದಾನೆ ಮಾರಾಯ್ರೇ, ಯಾಕೆ ಅಂತ ಕೇಳಿದರೆ ಕ್ರಿಕೆಟ್ ನೋಡಲಿಕ್ಕೆ ಅಂತಾನೆ. ನಾನು ಹೇಳಿದರೆ ಒಂದು ದಿನ ಬಿಟ್ಟುಕೊಡ್ತಾನೆ. ಗೋಳಿಬಜೆ ಈ ಸಲ ಲೆಕ್ಕ ಇಲ್ಲದೆ.

ಮುಲುಂಡ್ ಪಂಚಾಂಗ

ಫೆಬ್ರವರಿ 12 ಭಾರತ ಹುಣ್ಣಿಮೆ. ಬುಧವಾರ.

ಚೆಂಬೂರ್ ಮೃದಂಗ

ಬುಧವಾರ ನನಗೆ ಪಾಠ ಇದೆ. ಭಾನುವಾರ ಇಟ್ಟುಕೊಳ್ಳೋಣ, ಹುಣ್ಣಿಮೆ ಕಳೆದು ನಾಲ್ಕು ದಿನ ಆದರೆ ಏನಂತೆ.

ಡೊಂಬಿವಿಲಿ ಸ್ಲೋ

ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸೋ ಮೆಗಾಬ್ಲಾಕ್ ಇರುತ್ತೆ ಅಕ್ಕಾ. ಶನಿವಾರ ಮಾಡಿ, ಠಾಣೆಯಲ್ಲಿ ಗಾಡಿ ಬದಲಿಸಿ ಬರ್ತೀನಿ.